ಇಳಿಜಾರಿನ ಲೆಕ್ಕ: ಹೇಮಾವತಿ, ಶಿರಾಡಿ ಮತ್ತು ನಮ್ಮ ಕೆರೆ ಕೋಡಿ



ಹಿರೀಸಾವೆಯಂಥ ಬಯಲು ಸೀಮೆಯ ಊರಿನಲ್ಲಿ ನೆರೆ, ಗುಡ್ಡ ಕುಸಿತದ ಮಾತೇಕೆ ಎಂದು ಕೇಳುವವರು ಇರಬಹುದು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ತಾಲ್ಲೂಕು ನಮ್ಮದು. ರಾಗಿಯ ನೆಲ, ತೆಂಗಿನ ನೆಲ. ಆದರೆ ಇದೇ ಜಿಲ್ಲೆಯ ಇನ್ನೊಂದು ತುದಿಗೆ ಸಕಲೇಶಪುರದ ಮಲೆಗಳಿವೆ. ನಮ್ಮೂರ ಮೇಲೆ ಹಾದು ಹೋಗುವ ಹೆದ್ದಾರಿಯೇ ಅಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಒಂದೇ ಜಿಲ್ಲೆಯಲ್ಲಿ ನೆಲ ಇಷ್ಟು ಬಗೆಬಗೆಯಾಗಿ ಮಲಗಿರುವಾಗ ಅದನ್ನು ಅಳೆದು ನೋಡುವ ವಿದ್ಯೆಯ ಬಗ್ಗೆ ನಾವು ತಿಳಿದಿರಲೇಬೇಕು.

ಆ ವಿದ್ಯೆಗೆ ಗಟ್ಟಿ ಬುನಾದಿ ಹಾಕಿದವರು ಅಮೆರಿಕದ ಎಂಜಿನಿಯರ್ ರಾಬರ್ಟ್ ಹಾರ್ಟನ್, 1945ರಲ್ಲಿ. ಮುಂದೆ ಆರ್ಥರ್ ಸ್ಟ್ರಾಲರ್ ಅದನ್ನು ತಿದ್ದಿ ಸರಳ ಮಾಡಿದರು. ಕವಲೇ ಇಲ್ಲದ ಮೊದಲ ತೊರೆ ಒಂದನೇ ದರ್ಜೆ. ಅಂಥವು ಎರಡು ಕೂಡಿದರೆ ಎರಡನೇ ದರ್ಜೆಯ ಹಳ್ಳ. ಎರಡನೇ ದರ್ಜೆಯ ಹಳ್ಳಗಳು ಎರಡು ಕೂಡಿದರೆ ಮೂರನೆಯದು. ಹೀಗೆ ಎಣಿಸುತ್ತಾ ಹೋಗಿ, ಎಲ್ಲ ತೊರೆ ಹಳ್ಳಗಳ ಉದ್ದವನ್ನು ಕೂಡಿಸಿ, ನೀರು ಹರಿದುಬರುವ ಇಡೀ ಪ್ರದೇಶದ ವಿಸ್ತೀರ್ಣದಿಂದ ಭಾಗಿಸಿದರೆ ತೊರೆಗಳ ದಟ್ಟಣೆ ಸಿಗುತ್ತದೆ. ದಟ್ಟಣೆ ಹೆಚ್ಚಿದ್ದರೆ ನೀರು ನೆಲಕ್ಕೆ ಇಂಗುವುದು ಕಡಿಮೆ, ಹರಿದು ಹೋಗುವುದು ಜಾಸ್ತಿ ಎಂದು ಸಾಮಾನ್ಯವಾಗಿ ಹೇಳಬಹುದು.

ಆಕಾರವೂ ಲೆಕ್ಕಕ್ಕೆ ಬರುತ್ತದೆ. ನೀರು ಹರಿದುಬರುವ ಆ ಪ್ರದೇಶ, ಅಂದರೆ ಜಲಾನಯನ, ಹಪ್ಪಳದ ಹಾಗೆ ದುಂಡಗಿದ್ದರೆ ಸುತ್ತಲಿನ ನೀರೆಲ್ಲ ಒಟ್ಟಿಗೇ ಬಂದು ಬಾಯಿಗೆ ನುಗ್ಗುತ್ತದೆ. ಉದ್ದವಾಗಿದ್ದರೆ ಹತ್ತಿರದ ನೀರು ಮೊದಲು, ದೂರದ್ದು ಆಮೇಲೆ. ನೆರೆಯ ಶಿಖರ ತಗ್ಗುತ್ತದೆ, ಆದರೆ ನೆರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಇನ್ನು ಇಳಿಜಾರು. ನಮ್ಮ ಹೇಮಾವತಿಯನ್ನೇ ತೆಗೆದುಕೊಳ್ಳಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಸುಮಾರು 1219 ಮೀಟರ್ ಎತ್ತರದಲ್ಲಿ ಹುಟ್ಟುತ್ತಾಳೆ. ಗೊರೂರಿನ ಹತ್ತಿರ ಯಗಚಿಯನ್ನು ಕೂಡಿಸಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, 245 ಕಿಲೋಮೀಟರ್ ದಾರಿ ಸಾಗಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ ಸುಮಾರು 752 ಮೀಟರ್. ಕಳೆದು ಭಾಗಿಸಿ ನೋಡಿ: ಕಿಲೋಮೀಟರಿಗೆ ಎರಡು ಮೀಟರೂ ಇಲ್ಲದ ಇಳಿತ. ಅದರಲ್ಲೂ ಬಹುಪಾಲು ಇಳಿತ ಮಲೆನಾಡಿನಲ್ಲೇ ಮುಗಿದುಬಿಡುತ್ತದೆ. ಆದ್ದರಿಂದ ಕೆಳಗಿನ ಬಯಲಲ್ಲಿ ಹೊಳೆ ಏರುವುದನ್ನು ಜನ ಕಣ್ಣಾರೆ ನೋಡುತ್ತಾರೆ, ದನಕರು ಹೊಡೆದುಕೊಂಡು ಹೊರಡುವುದಕ್ಕೆ ಹೊತ್ತು ಸಿಗುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಥೆ ಬೇರೆ. ಅಲ್ಲಿಗೆ ಬರುವ ಕಾವೇರಿ ಕೊಡಗಿನ ಮಳೆಯನ್ನೂ, ಕೂಡಿಗೆಯಲ್ಲಿ ಸೇರುವ ಹಾರಂಗಿಯ ನೀರನ್ನೂ ಹೊತ್ತು ತರುತ್ತಾಳೆ. 2018 ಮತ್ತು 2019ರ ಆಗಸ್ಟಿನಲ್ಲಿ ನೀರು ದಡ ಮೀರಿತು. ಹಾರಂಗಿ ಅಣೆಕಟ್ಟಿನ ಗೇಟು ಎತ್ತುವ ಹೊತ್ತು ಯಾವುದು ಎಂಬುದನ್ನು ನೆಲದ ಆಕಾರ ಹೇಳುವುದಿಲ್ಲ. ಅದನ್ನು ಕೆಳಗಿನ ಊರಿಗೆ ಮನುಷ್ಯರೇ ಮೊದಲು ಮುಟ್ಟಿಸಬೇಕು.

ಈಗ ಪಶ್ಚಿಮಕ್ಕೆ ಬನ್ನಿ. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಸುಮಾರು 120ರಲ್ಲಿ. ನಡುವೆ 55 ಕಿಲೋಮೀಟರ್ ಹಳಿ, 57 ಸುರಂಗ. ರೈಲು ಬಳಸಿ ಬಳಸಿ ಇಳಿದರೂ ಕಿಲೋಮೀಟರಿಗೆ 14 ಮೀಟರ್ ಇಳಿಯುತ್ತದೆ. ನೀರಿಗೆ ಬಳಸುವ ಹಂಗಿಲ್ಲ. ಘಾಟಿಯ ಕೆಂಪುಹೊಳೆಗೆ ಬೀಳುವ ತೊರೆಗಳು ಇನ್ನೂ ಕಡಿದಾಗಿ ಧುಮುಕುತ್ತವೆ. ಅಲ್ಲಿ ಹೊತ್ತು ಎಂಬುದೇ ಇಲ್ಲ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಅಡಿಯ ಮಣ್ಣೇ ಜಾರಿ ಹೋಯಿತು. ಅದೇ ತಿಂಗಳು ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಹೊಳೆಗಳ ವಿಷಯದಲ್ಲಿ ಬಾಹ್ಯಾಕಾಶದಿಂದ ಅಳೆದ ಎತ್ತರದ ಲೆಕ್ಕವನ್ನು ಬಹುಮಟ್ಟಿಗೆ ನಂಬಬಹುದು, ಕಡಿದ ಗುಡ್ಡದ ವಿಷಯದಲ್ಲಿ ನಂಬಬಾರದು. ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸುವ ಎತ್ತರದ ದತ್ತಾಂಶ 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರಿನಿಂದ ಅಳೆದದ್ದು. ಅಂದರೆ ರಸ್ತೆ ಅಗಲ ಮಾಡುವ ಮೊದಲಿನ ಗುಡ್ಡ. ಮೇಲಾಗಿ 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕಕ್ಕೆ ಅದರಲ್ಲಿ ಒಂದೇ ಎತ್ತರ. ನಮ್ಮ ಊರುಗಳಲ್ಲಿ ಮಾರುವ 30-40 ಸೈಟು ಎಂಟು ಹಿಡಿಯುವಷ್ಟು ಜಾಗ ಅದು. ಜೆಸಿಬಿ 15 ಮೀಟರ್ ಎತ್ತರಕ್ಕೆ ಗೋಡೆಯಂತೆ ಕಡಿದ ಮಣ್ಣು ಅಂಥ ಒಂದು ಚೌಕದೊಳಗೆ ಕರಗಿ ಕಾಣೆಯಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಿಂದ ಮಾಡಿದ ಭೂಕುಸಿತ ಸಾಧ್ಯತೆಯ ನಕ್ಷೆಗಳು 1:50,000 ಪ್ರಮಾಣದವು. ಆ ನಕ್ಷೆಯಲ್ಲಿ 15 ಮೀಟರ್ ಎಂದರೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಅಲ್ಲ. ಯಾವ ಬೆಟ್ಟದ ಸಾಲು ಅಪಾಯದ್ದು ಎಂದು ತೋರಿಸಲು ಆ ನಕ್ಷೆ ಬೇಕೇ ಬೇಕು. ಯಾವ ಮನೆಯ ಹಿಂದಿನ ಧರೆ ಇಂದು ರಾತ್ರಿ ಕುಸಿದೀತು ಎಂದು ಹೇಳಲು ಅದಕ್ಕೆ ಸಾಧ್ಯವಿಲ್ಲ. ಸಡಿಲ ಮಣ್ಣು 30–35 ಡಿಗ್ರಿ ಇಳಿಜಾರಿನಲ್ಲಿ ತಾನಾಗಿ ನಿಲ್ಲುತ್ತದೆ. ಅದರ ಬುಡವನ್ನು ನೆಟ್ಟಗೆ ಕಡಿದು, ಮೇಲೆ ಜುಲೈ ತಿಂಗಳ ಮಳೆ ಸುರಿದರೆ, ನೀರು ಕುಡಿದ ಮಣ್ಣಿನ ಭಾರವೂ ಏರುತ್ತದೆ, ಹಿಡಿತವೂ ಸಡಿಲುತ್ತದೆ. 2018ರಲ್ಲಿ ಕೊಡಗು ಕುಸಿದಾಗ ರಸ್ತೆಗೆಂದು, ಮನೆಗೆಂದು ಕಡಿದ ಧರೆಗಳು ಎಷ್ಟೋ ಕಡೆ ಮೊದಲು ಬಿದ್ದವು. ಆದ್ದರಿಂದ ಗುಡ್ಡ ಕಡಿಯುವ ಮೊದಲು ಒಮ್ಮೆ, ಕಡಿದ ಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಸ್ಥಳಕ್ಕೇ ಹೋಗಿ ಇಳಿಜಾರು ಅಳೆಯಬೇಕು. ಆ ಅಂಕಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕು.

ನಮ್ಮ ಹೋಬಳಿಯಲ್ಲಿ ತೊಂದರೆ ಇನ್ನೊಂದು ಥರದ್ದು. ನೆಲ ಎಷ್ಟು ಚಪ್ಪಟೆ ಎಂದರೆ ಬಾಹ್ಯಾಕಾಶದ ಅಳತೆಯಲ್ಲಿ ಬರುವ ಕೆಲವು ಮೀಟರ್ ತಪ್ಪು ನಮ್ಮ ಕೆರೆ ಏರಿಯ ಎತ್ತರಕ್ಕೇ ಸಮ. ಕೋಡಿಗೂ ಅದರ ಕೆಳಗೆ ಯಾರೋ ಮುಚ್ಚಿದ ಹಳ್ಳಕ್ಕೂ ಇರುವ ಒಂದಡಿ ವ್ಯತ್ಯಾಸ ಆ ಅಳತೆಗೆ ತಿಳಿಯುವುದೇ ಇಲ್ಲ. 2022ರ ಮಳೆಗೆ ದಕ್ಷಿಣ ಕರ್ನಾಟಕದ ಬಯಲಿನ ಎಷ್ಟೋ ಕೆರೆಗಳು ಕೋಡಿ ಬಿದ್ದಾಗ ಆ ಒಂದಡಿಯೇ ಮನೆಯೊಳಕ್ಕೆ ನೀರು ಬಂತೋ ಇಲ್ಲವೋ ಎಂಬುದನ್ನು ತೀರ್ಮಾನಿಸಿತು.

ಆ ಒಂದಡಿಯನ್ನು ಅಳೆಯುವ ಸಾಧನ ನಮ್ಮಲ್ಲೇ ಇದೆ. ಗಾರೆ ಕೆಲಸದವರು ಪಾಯ ಹಾಕುವಾಗ ಬಳಸುವ ಲೆವೆಲ್ ಪೈಪು ನೋಡಿದ್ದೀರಿ. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತಟ್ಟಿ, ಇಬ್ಬರು ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ನೆಲದವರೆಗೆ ಟೇಪು ಹಿಡಿದರೆ ಎರಡು ಜಾಗಗಳ ಎತ್ತರದ ವ್ಯತ್ಯಾಸ ಬೆರಳಿನ ಅಗಲದಷ್ಟೂ ತಪ್ಪದೆ ಸಿಗುತ್ತದೆ. ಕೋಡಿಯ ಕಲ್ಲಿನಿಂದ ಶುರು ಮಾಡಿ, ಹಳ್ಳದ ದಂಡೆಗುಂಟ ಪೈಪು ಸರಿಸುತ್ತಾ ಕೆಳಗಿನ ಕೆರೆಯವರೆಗೆ ಹೋಗಿ. ಎಲ್ಲಿ ಇಳಿತ ನಿಂತಿದೆಯೋ, ಎಲ್ಲಿ ನೆಲ ಮತ್ತೆ ಏರಿದೆಯೋ ಅಲ್ಲಿ ಒಂದು ಗೂಟ ಹೊಡೆದು, ಸರ್ವೆ ನಂಬರ್ ಸಮೇತ ಬರೆದಿಡಿ. ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸ ಇದು. ಬೇಸಿಗೆಯಲ್ಲಿ, ಹಳ್ಳ ಒಣಗಿರುವಾಗಲೇ ಮಾಡಿ ಮುಗಿಸಬೇಕು.