ಕೈ ಅದೇ, ಅಕ್ಷರ ಬೇರೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಹಾಸ್ಟೆಲುಗಳಲ್ಲಿ ಫಿಸಿಯೋಥೆರಪಿ ಓದುವ ಹುಡುಗ ಹುಡುಗಿಯರು ಈಗ ಸಾಕಷ್ಟು ಜನ ಇದ್ದಾರೆ. ಊರಿಗೆ ಹೋದರೆ "ಅದೇನು, ಪಿ.ಟಿ. ಮೇಷ್ಟ್ರು ಕೆಲಸವಾ?" ಅಂತ ಕೇಳಿಸಿಕೊಂಡು ಬರುವವರು ಇವರು. ಅವರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ: "ಅಮೆರಿಕದಲ್ಲಿ ಫಿಸಿಯೋ ಆದೋರು ಆಸ್ಟಿಯೋಪಥಿ ಕಾಲೇಜು ಸೇರಿ ಪೂರಾ ಡಾಕ್ಟರ್ ಆಗಬಹುದಂತೆ. ನಿಜವಾ? ಒಳ್ಳೇದಾ?" ನಿಜವಾ ಅನ್ನೋದಕ್ಕೆ ಉತ್ತರ ಸುಲಭ. ನಿಜ. ಒಳ್ಳೇದಾ ಅನ್ನೋದಕ್ಕೆ ಸ್ವಲ್ಪ ಚರಿತ್ರೆ ಬೇಕು, ಸ್ವಲ್ಪ ಲೆಕ್ಕ ಬೇಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಡಿ.ಒ. ಅನ್ನೋ ಎರಡು ಅಕ್ಷರಕ್ಕೆ ಲೋಕದಲ್ಲಿ ಎರಡು ಅರ್ಥ ಇದೆ. ಅಮೆರಿಕದಲ್ಲಿ ಡಿ.ಒ. ಅಂದ್ರೆ ಪೂರಾ ಡಾಕ್ಟರ್. ಔಷಧಿ ಬರೀತಾರೆ, ಆಪರೇಷನ್ ಮಾಡ್ತಾರೆ, ಹೆರಿಗೆ ಮಾಡಿಸ್ತಾರೆ. ಅಲ್ಲಿ ಎಂ.ಡಿ. ಅನ್ನೋದು ನಮ್ಮ ಎಂ.ಬಿ.ಬಿ.ಎಸ್. ಜಾಗದಲ್ಲಿರುವ ಪದವಿ, ಡಿ.ಒ. ಅದಕ್ಕೆ ಸರಿಸಮ. ಆದರೆ ಇಂಗ್ಲೆಂಡಿನಲ್ಲಿ ಆಸ್ಟಿಯೋಪಾತ್ ಅಂದ್ರೆ ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ನೋಡುವವರು, ಅಷ್ಟೆ. ಅವರು ಡಾಕ್ಟರಲ್ಲ. ನಮ್ಮಲ್ಲೂ ಫಿಸಿಯೋಗಳಿಗೆ ಆಸ್ಟಿಯೋಪಥಿ ಕಲಿಸಿ ಸರ್ಟಿಫಿಕೇಟು ಕೊಡುವ ಕೋರ್ಸುಗಳಿವೆ. ಅಲ್ಲಿ ಕೈಕೆಲಸ ಕಲೀಬಹುದು, ಡಾಕ್ಟರ್ ಆಗೋದಿಲ್ಲ. ಎರಡು ಅಕ್ಷರ ನೋಡಿ ಮನೆಯ ದುಡ್ಡು ಸುರಿಯಬೇಡಿ.

ಈಗ ಅಮೆರಿಕದ ಕತೆ. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವವನು ಗುಲಾಮಗಿರಿಯ ವಿರೋಧಿ. ಅಂತರ್ಯುದ್ಧದಲ್ಲಿ ಒಕ್ಕೂಟದ ಪರ ನಿಂತವನು. 1864ರಲ್ಲಿ ಮೆದುಳುಜ್ವರಕ್ಕೆ ಅವನ ಮೂವರು ಮಕ್ಕಳು ಸತ್ತರು. ಆ ಕಾಲದ ಔಷಧಿ ಅಂದರೆ ಪಾದರಸ, ಅಫೀಮು, ಹೆಂಡ. ಈ ವೈದ್ಯ ಸಾಕು ಅಂತ 1874ರಲ್ಲಿ ಹೊಸ ದಾರಿ ಸಾರಿದ. ದೇಹದ ರಚನೆ ನೆಟ್ಟಗಿದ್ದರೆ ದೇಹ ತಾನೇ ಗುಣ ಹೊಂದುತ್ತೆ, ಅದನ್ನು ಕೈಯಿಂದ ನೆಟ್ಟಗೆ ಮಾಡಬಹುದು ಅನ್ನೋದು ಅವನ ವಾದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಅನ್ನೋ ಸಣ್ಣ ಊರಲ್ಲಿ ಕಾಲೇಜು ತೆರೆದ. ಮೊದಲ ತಂಡದಲ್ಲೇ ಹೆಂಗಸರನ್ನು ಸೇರಿಸಿಕೊಂಡ. ಅವನು ಹೇಳಿದ್ದೆಲ್ಲ ನಿಜ ಅಂತ ಇವತ್ತು ಯಾರೂ ಹೇಳೋದಿಲ್ಲ. ಎಲ್ಲ ರೋಗಕ್ಕೂ ಮೂಳೆ ಕಾರಣ ಅಲ್ಲ. ಮುಂದೆ ಆ ಕಾಲೇಜುಗಳೇ ಔಷಧಿ, ಶಸ್ತ್ರಚಿಕಿತ್ಸೆ ಎಲ್ಲ ಕಲಿಸತೊಡಗಿದವು.

ಆದರೂ ದೊಡ್ಡ ಡಾಕ್ಟರುಗಳ ಸಂಘ ಇವರನ್ನು ದಶಕಗಟ್ಟಲೆ ಹತ್ತಿರ ಸೇರಿಸಲಿಲ್ಲ. ಮೂಢಪಂಥದವರು ಅಂತ ಕರೆದರು. ಇವರ ಜೊತೆ ಸೇರಿ ರೋಗಿಯನ್ನು ನೋಡುವುದೇ ವೃತ್ತಿಧರ್ಮಕ್ಕೆ ದೋಷ ಅಂದರು. ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಪಕ್ಕ ನಿಂತರೆ ಮೈಲಿಗೆ! ಇದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ಇದಕ್ಕಿಂತ ಸೋಜಿಗ. ಅಲ್ಲಿನ ಡಿ.ಒ.ಗಳಿಗೆ ಎಂ.ಡಿ.ಗಳು ಒಂದು ಕೊಡುಗೆ ಕೊಟ್ಟರು. ಒಂದು ಸಣ್ಣ ಕೋರ್ಸಿಗೆ ಬನ್ನಿ, 65 ಡಾಲರ್ ಕಟ್ಟಿ, ಎಂ.ಡಿ. ಅಂತ ಬರೆದುಕೊಳ್ಳಿ. ಎರಡು ಸಾವಿರಕ್ಕೂ ಹೆಚ್ಚು ಜನ ಕಟ್ಟಿದರು. ಅವರ ಕಾಲೇಜೂ ಎಂ.ಡಿ. ಕಾಲೇಜಾಯಿತು. ಆ ರಾಜ್ಯದಲ್ಲಿ ಹೊಸ ಡಿ.ಒ.ಗಳಿಗೆ ಲೈಸೆನ್ಸು ಕೊಡುವುದೇ ನಿಂತಿತು. ಯೋಚನೆ ಮಾಡಿ. ನಿನ್ನೆ ಇದ್ದ ಮನುಷ್ಯರೇ, ನಿನ್ನೆ ಇದ್ದ ವಿದ್ಯೆಯೇ, ನಿನ್ನೆ ಇದ್ದ ಕೈಗಳೇ. ನಿನ್ನೆ ಕೀಳು, ಇವತ್ತು ಮೇಲು. ನಡುವೆ ಇದ್ದದ್ದು 65 ಡಾಲರ್. ಹಾಗಾದರೆ ಆ ಮೇಲು ಕೀಳು ವಿದ್ಯೆಯಲ್ಲಿ ಇತ್ತಾ, ಅಕ್ಷರದಲ್ಲಿ ಇತ್ತಾ?

ಉಳಿದ ಡಿ.ಒ.ಗಳು ಹೆಸರು ಬಿಡಲಿಲ್ಲ. 1966ರಲ್ಲಿ ಸೇನೆ ಅವರನ್ನು ವೈದ್ಯಾಧಿಕಾರಿಗಳಾಗಿ ತೆಗೆದುಕೊಳ್ಳಲು ಒಪ್ಪಿತು. 1973ರ ಹೊತ್ತಿಗೆ ಉಳಿದ ಎಲ್ಲ ರಾಜ್ಯಗಳಲ್ಲೂ ಪೂರ್ಣ ಲೈಸೆನ್ಸು ಸಿಕ್ಕಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅಲ್ಲೂ ಬಾಗಿಲು ತೆರೆಸಿತು. 2020ರಲ್ಲಿ ಎರಡೂ ಪದವಿಯವರ ಆಸ್ಪತ್ರೆ ತರಬೇತಿ ಒಂದೇ ವ್ಯವಸ್ಥೆಗೆ ಬಂತು. ಈಗ ಅಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಡಿ.ಒ. ಕಾಲೇಜಿನವರು.

ಫಿಸಿಯೋಥೆರಪಿಯದೂ ಇಂಥದೇ ಕತೆ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಊನವಾಗಿ ಬಂದ ಸೈನಿಕರನ್ನು ನಡೆಸಲು ಅಮೆರಿಕದ ಸೇನೆ ಹೆಂಗಸರನ್ನು ನೇಮಿಸಿತು. ಅವರನ್ನು ಸಹಾಯಕಿಯರು ಅಂತಲೇ ಕರೆದರು. 1921ರಲ್ಲಿ ಮೇರಿ ಮೆಕ್‌ಮಿಲನ್ ಮುಂದಾಳ್ತನದಲ್ಲಿ ಅವರು ಸಂಘ ಕಟ್ಟಿದರು. ಪೋಲಿಯೋ ಬಂದಾಗ ಮಕ್ಕಳ ಕಾಲು ಹಿಡಿದವರೂ ಇವರೇ. ಡಾಕ್ಟರ್ ಚೀಟಿ ಇಲ್ಲದೆ ರೋಗಿಯನ್ನು ಮುಟ್ಟಬಾರದು ಅನ್ನೋ ಕಟ್ಟನ್ನು ಒಂದೊಂದೇ ರಾಜ್ಯದಲ್ಲಿ ಸಡಿಲ ಮಾಡಿಸಿದರು. ಈಗ ಅಲ್ಲಿ ಈ ಕೆಲಸಕ್ಕೆ ಬರಬೇಕಾದರೆ ಡಿಗ್ರಿ ಆದ ಮೇಲೆ ಸಾಮಾನ್ಯವಾಗಿ ಮೂರು ವರ್ಷದ ಡಿ.ಪಿ.ಟಿ. ಓದಬೇಕು. 2024ರಲ್ಲಿ ಅವರ ಮಧ್ಯಮ ಸಂಬಳ ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರ್.

ಮತ್ತೆ ಯಾಕೆ ಬಿಡ್ತಾರೆ? ಒಂದು ನ್ಯಾಯವಾದ ಕಾರಣ ಇದೆ. ವಾರಕ್ಕೆ ಎರಡು ಸಲ, ಅರ್ಧ ಮುಕ್ಕಾಲು ಗಂಟೆ ರೋಗಿಯ ಜೊತೆ ಇರೋದು ಫಿಸಿಯೋ. ಕಾಲು ಊದಿದ್ದು ಮೊದಲು ಕಾಣೋದು ಅವರಿಗೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಂತ ಅನುಮಾನ ಬಂದರೂ ಔಷಧಿ ಬರೆಯೋ ಹಾಗಿಲ್ಲ, ಇನ್ನೊಬ್ಬರ ಹತ್ತಿರ ಕಳಿಸಬೇಕು. ತಿಳಿದೂ ಕೈ ಕಟ್ಟಿಕೊಂಡು ನಿಲ್ಲುವ ಈ ಸಂಕಟದಿಂದ ಕೆಲವರು ಡಾಕ್ಟರ್ ಆಗಲು ಹೊರಡ್ತಾರೆ. ಅಂಥವರಿಗೆ ಡಿ.ಒ. ಕಾಲೇಜು ಹತ್ತಿರ ಅನ್ನಿಸೋದು ಸಹಜ. ಅಲ್ಲಿ ಬೇರೆಲ್ಲ ಪಾಠದ ಜೊತೆ ಸುಮಾರು 200 ಗಂಟೆ ಕೈಚಿಕಿತ್ಸೆಯನ್ನೂ ಕಲಿಸ್ತಾರೆ. ಬೇರೆ ಕೆಲಸ ಮಾಡಿ, ವಯಸ್ಸಾಗಿ ಬಂದವರನ್ನೂ ತೆಗೆದುಕೊಳ್ಳುವ ಹೆಸರು ಆ ಕಾಲೇಜುಗಳಿಗಿದೆ.

ಆದರೆ ದಾರಿ ಉದ್ದ. ಫಿಸಿಯೋ ಓದಿದ ಮೂರು ವರ್ಷಕ್ಕೆ ರಿಯಾಯಿತಿ ಇಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯಂಥ ವಿಷಯ ಬಿಟ್ಟುಹೋಗಿದ್ದರೆ ಮತ್ತೆ ಕಾಲೇಜಿಗೆ ಹೋಗಿ ಕಟ್ಟಬೇಕು. ಎಂ-ಕ್ಯಾಟ್ ಪರೀಕ್ಷೆ ಬರೆಯಬೇಕು. ಆಮೇಲೆ ನಾಲ್ಕು ವರ್ಷ ಓದು, ಅದಾದ ಮೇಲೆ ಮೂರರಿಂದ ಏಳು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಓದುವ ನಾಲ್ಕು ವರ್ಷ ಸಂಬಳ ಇಲ್ಲ. ತರಬೇತಿಯ ಸಂಬಳ ಫಿಸಿಯೋ ಆಗಿ ದುಡಿದದ್ದಕ್ಕಿಂತ ಕಡಿಮೆ. ಇಲ್ಲಿಂದ ಬಿ.ಪಿ.ಟಿ. ಮುಗಿಸಿ ಹೋದವರಿಗೆ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಅಮೆರಿಕದ ಕಾಲೇಜಿನಲ್ಲೇ ಸ್ವಲ್ಪ ಓದಿರಬೇಕು ಅಂತ ಬಹುಪಾಲು ವೈದ್ಯ ಕಾಲೇಜುಗಳು ಕೇಳ್ತವೆ.

ಹಣ ಯಾರದು? ಡಿ.ಒ. ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಓದು ಮುಗಿಯುವ ಹೊತ್ತಿಗೆ ಎರಡು ಲಕ್ಷ ಡಾಲರಿಗೂ ಮೀರಿದ ಸಾಲ ಅಲ್ಲಿ ಮಾಮೂಲು. ಅದರ ಕೆಳಗೆ ಫಿಸಿಯೋ ಓದಿನ ಹಳೇ ಸಾಲ ಬೇರೆ. ಇದುವರೆಗೆ ಬಡವರ ಮಕ್ಕಳು ಓದಿದ್ದು ಸರ್ಕಾರದ ಸಾಲದಿಂದ. 2025ರ ಜುಲೈನಲ್ಲಿ ಆದ ಕಾನೂನು ಆ ಸಾಲಕ್ಕೂ ಮಿತಿ ಹಾಕಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವ ವೈದ್ಯ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು ಎರಡು ಲಕ್ಷ. ಮಿಕ್ಕಿದ್ದಕ್ಕೆ ಖಾಸಗಿ ಬ್ಯಾಂಕಿನ ಬಾಗಿಲು. ಅಪ್ಪನ ಆಸ್ತಿ ಇದ್ದವನಿಗೆ ಇದು ಸುದ್ದಿಯೇ ಅಲ್ಲ. ಇಲ್ಲದವನಿಗೆ ಬಾಗಿಲು ಇನ್ನಷ್ಟು ಕಿರಿದು.

ಬಾಗಿಲು ಕಿರಿದಾದಾಗ ಮೊದಲು ಹೊರಗೆ ಉಳಿಯೋರು ಯಾರು ಅನ್ನೋದನ್ನೂ ಅಲ್ಲಿನ ಚರಿತ್ರೆ ಹೇಳುತ್ತೆ. 1910ರಲ್ಲಿ ಫ್ಲೆಕ್ಸ್ನರ್ ವರದಿ ಬಂತು. ವೈದ್ಯ ಶಿಕ್ಷಣದ ಗುಣಮಟ್ಟ ಏರಿಸೋದು ಅದರ ಉದ್ದೇಶ. ಆಗ ಕಪ್ಪು ಜನರ ಏಳು ವೈದ್ಯ ಕಾಲೇಜುಗಳಿದ್ದವು. 1923ರ ಹೊತ್ತಿಗೆ ಉಳಿದದ್ದು ಹೋವರ್ಡ್, ಮೆಹಾರಿ ಎರಡೇ. ಹೆಂಗಸರಿಗೆ ಮೊದಲ ದಿನವೇ ಬಾಗಿಲು ತೆರೆದ ಆಸ್ಟಿಯೋಪಥಿಯಲ್ಲೂ ಮೊದಲ ಕಪ್ಪು ಡಿ.ಒ. ಅನ್ನಿಸಿಕೊಂಡ ಮೆಟಾ ಕ್ರಿಸ್ಟಿ ಪದವಿ ಪಡೆದದ್ದು 1921ರಲ್ಲಿ. ಅಂದರೆ 29 ವರ್ಷ ಬೇಕಾಯಿತು. 2007ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ, ಹಿಂದುಳಿಸಲ್ಪಟ್ಟ ಜನರಿಂದ ಡಾಕ್ಟರುಗಳನ್ನು ತಯಾರು ಮಾಡುತ್ತೇವೆ ಅಂತ ಹೇಳಿ ಟೂರೋ ಅನ್ನೋ ಡಿ.ಒ. ಕಾಲೇಜು ತೆರೆಯಿತು. ಒಳ್ಳೆಯದು. ಆದರೆ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಪ್ರವೇಶ ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂದಿತು.

ಇಲ್ಲಿನ ಮಾತೂ ಹೇಳಿಬಿಡೋಣ. ನಮ್ಮಲ್ಲಿ ಬಿ.ಪಿ.ಟಿ.ಯಿಂದ ಎಂ.ಬಿ.ಬಿ.ಎಸ್.ಗೆ ಅಡ್ಡದಾರಿ ಇಲ್ಲ. ಮತ್ತೆ ನೀಟ್ ಬರೆದು ಮೊದಲ ವರ್ಷದಿಂದ ಶುರು ಮಾಡಬೇಕು. 2022ರಲ್ಲಿ ನೀಟ್ ವಯಸ್ಸಿನ ಮಿತಿ ತೆಗೆದಿದ್ದಾರೆ, ಆದ್ದರಿಂದ ವಯಸ್ಸಾಯಿತು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಈಗ ಒಳ್ಳೇದಾ ಅನ್ನೋ ಪ್ರಶ್ನೆ. ನಾವು ಹೇಳೋದು ಇಷ್ಟು. ಯಾವುದಕ್ಕೆ ಹೋಗ್ತೀರಿ ಅನ್ನೋದನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ರೋಗಿಗೆ ಬೇಕಾದ ಔಷಧಿ ನಾನೇ ಬರೆಯಬೇಕು, ಆಪರೇಷನ್ ನಾನೇ ಮಾಡಬೇಕು ಅನ್ನೋ ಹಟ ಇದ್ದರೆ ಹೋಗಿ. ಹನ್ನೊಂದು ವರ್ಷ ಆದರೂ ಸರಿ, ಲೆಕ್ಕ ಹಾಕಿಕೊಂಡು, ಸ್ಕಾಲರ್‌ಶಿಪ್ಪು ಹುಡುಕಿಕೊಂಡು ಹೋಗಿ. ನಮ್ಮವರು ಆ ಕುರ್ಚಿಯಲ್ಲಿ ಕೂರಬೇಕು. ಆದರೆ ಜನ ಸಾರ್ ಅನ್ನಲಿ, ಮೇಡಂ ಅನ್ನಲಿ, ಅನ್ನೋದಕ್ಕೆ ಮಾತ್ರ ಹೋಗೋದಾದರೆ ಸ್ವಲ್ಪ ತಡೆಯಿರಿ. ಡಿ.ಒ. ಆದವರನ್ನೇ "ನೀವು ನಿಜವಾದ ಡಾಕ್ಟರಾ?" ಅಂತ ಇವತ್ತಿಗೂ ಕೇಳೋರಿದ್ದಾರೆ. ಒಂದು ಮೆಟ್ಟಿಲು ಹತ್ತಿದರೆ ಮೇಲಿನ ಮೆಟ್ಟಿಲಿನವನು ಕೆಳಗೆ ನೋಡೋದು ನಿಲ್ಲಿಸೋದಿಲ್ಲ. ಮೆಟ್ಟಿಲು ಕಟ್ಟಿರೋದೇ ಹಾಗೆ.

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೂಲಗಿತ್ತಿಯನ್ನು ಹೆರಿಗೆ ಹೊತ್ತಿಗೆ ಒಳಗೆ ಕರೆದರು, ಮಗು ಅತ್ತ ಮೇಲೆ ಹೊಸಿಲ ಆಚೆ ನಿಲ್ಲಿಸಿದರು. ಅವಳ ಕೈ ಬೇಕಿತ್ತು, ಅವಳು ಬೇಡವಾಗಿದ್ದಳು. ಲಕ್ವ ಹೊಡೆದು ಮಲಗಿದವನನ್ನು ಎಬ್ಬಿಸಿ ನಡೆಸುವ ಕೈ ಕೀಳು, ಚೀಟಿ ಬರೆಯುವ ಕೈ ಮೇಲು ಅನ್ನೋ ಮಾತು ಅದರದೇ ಮೊಮ್ಮಗು. ಅದನ್ನು ನಾವೇ ನಂಬಿಬಿಟ್ಟರೆ ಇನ್ನು ಯಾರು ಪ್ರಶ್ನೆ ಮಾಡೋರು?

ಡಾಕ್ಟರಾಗಲು ಹೊರಡುವವರ ಬೆನ್ನಿಗೆ ನಾವಿದ್ದೇವೆ. ಫಿಸಿಯೋ ಆಗಿಯೇ ಉಳಿದು, ಸಂಘ ಕಟ್ಟಿ, ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಕೊಡಿ ಅಂತ ಕೇಳುವವರ ಬೆನ್ನಿಗೂ ಇದ್ದೇವೆ. ಎರಡರಲ್ಲಿ ಯಾವುದಾದರೂ ಆಗಲಿ, ನಾಚಿಕೆಯಿಂದ ಓಡಿಹೋಗುವ ನಿರ್ಧಾರ ಆಗಬಾರದು. ತಿಳಿದು ಮಾಡಿದ ನಿರ್ಧಾರ ಆಗಲಿ.

ನಿಮ್ಮ ಪ್ರಶ್ನೆಗಳನ್ನು ಈಗ ಕೇಳಿ.