ಕಡತ ಹೋಯಿತು, ಅಪ್ಪಣೆ ಹೋಯಿತೆ?

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಬಹುಕಾಲ ಅದು ಕಲಬುರಗಿ ತಾಲ್ಲೂಕಿಗೇ ಸೇರಿತ್ತು. 2017ರಲ್ಲಿ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕಾಳಗಿ, ಯಡ್ರಾಮಿ, ಶಹಾಬಾದಗಳ ಜೊತೆಗೆ ಅದರ ಹೆಸರೂ ಬಂದಿತು. ತಾಲ್ಲೂಕು ಒಡೆಯಿತೆಂದರೆ ದಫ್ತರವೂ ಒಡೆಯಬೇಕು. ಈ ಭಾಗದ ಜನಕ್ಕೆ ಇದೇನೂ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಎಂಥ ದೊಡ್ಡ ದಫ್ತರ ಕೈ ಬದಲಾಯಿಸಿತೆಂಬುದನ್ನು ನೀವೇ ಊಹಿಸಬಹುದು. ಕಾಗದದ ಕಡತದಲ್ಲಿ ಒಂದು ಅನುಕೂಲವಿತ್ತು. ಅದು ಗಾಡಿಯೇರಿ ಹೋದರೆ ಹಳೆಯ ಕಚೇರಿಯಲ್ಲಿ ಉಳಿಯುತ್ತಿರಲಿಲ್ಲ. ಹೊಸ ಕಚೇರಿಯ ಬೀರು ಸೇರಿದ ಮೇಲೆ, ಬೀಗದ ಕೈ ಯಾರ ಬಳಿಯೋ ಅಧಿಕಾರವೂ ಅವರದೇ.

ಕಂಪ್ಯೂಟರಿನ ಕಡತದ ಸಂಗತಿ ಹಾಗಲ್ಲ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಕಡತ ಕಳುಹಿಸಿದೆವು ಎನ್ನುತ್ತೇವೆ. ನಿಜವಾಗಿ ಹೋಗುವುದು ಅದರ ನಕಲು. ಸರ್ವರ್ ಎಂದರೆ ಒಂದು ದಫ್ತರಖಾನೆ ಎಂದೇ ತಿಳಿಯಿರಿ. ಅನೇಕರು ತಮ್ಮ ತಮ್ಮ ಮೇಜಿನಿಂದಲೇ ಕೈಚಾಚಿ ಕಡತ ಬಿಚ್ಚುವ ಯಂತ್ರ. ಕಡತದಲ್ಲಿ ಬರೆದದ್ದು ಒಂದಕ್ಷರವೂ ಕಳೆಯದೆ ಆಚೆ ತಲುಪುತ್ತದೆ. ಆದರೆ ಯಾರು ಅದನ್ನು ಓದಬಹುದು, ಯಾರು ತಿದ್ದಬಹುದು ಎಂಬ ಅಪ್ಪಣೆ ಆ ಅಕ್ಷರಗಳ ನಡುವೆ ಇರುವುದಿಲ್ಲ. ಅದನ್ನು ಹಳೆಯ ಯಂತ್ರ ತನ್ನ ಸ್ವಂತ ವಹಿಯಲ್ಲಿ ಬೇರೆಯಾಗಿ ಬರೆದಿಟ್ಟಿರುತ್ತದೆ. ಆ ವಹಿ ತಾನಾಗಿ ಗಾಡಿ ಹತ್ತುವುದಿಲ್ಲ.

ಓದುವುದಕ್ಕೂ ತಿದ್ದುವುದಕ್ಕೂ ಇರುವ ಅಂತರ ನಿಮಗೆ ಹೇಳಿಕೊಡಬೇಕಾದುದಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯನ್ನೇ ನೋಡಿ. ಹಣ ಕಟ್ಟಿ ಯಾರು ಬೇಕಾದರೂ ಪಹಣಿಯ ಪ್ರತಿ ಪಡೆಯಬಹುದು. ಆದರೆ ಖಾತೆಯಲ್ಲಿ ಹೆಸರು ಬದಲಾಯಿಸಬೇಕಾದರೆ ಅಧಿಕಾರವುಳ್ಳವರು ಬೆರಳಚ್ಚು ಒತ್ತಿ ಒಳಹೋಗುವ ಏರ್ಪಾಡನ್ನು ಅದರಲ್ಲಿ ಮಾಡಿದ್ದರು. ಎಲ್ಲರೂ ಓದಬಹುದಾದ ಕಡತ, ಎಲ್ಲರೂ ಬರೆಯಬಹುದಾದ ಕಡತವಾಗಿಬಿಟ್ಟರೆ ಹೊಲ ಯಾರದೆಂದು ಹೇಳುವವರು ಯಾರು?

ಇಂದು ಬಹಳಷ್ಟು ಸರ್ವರುಗಳು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯಿಂದ. ಅದು ಹುಟ್ಟಿದ್ದು 1991ರಲ್ಲಿ. ಅದರ ಮಾದರಿಯಾದ ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾಯಿತು. ಅಪ್ಪಣೆಯ ಲೆಕ್ಕವೂ ಆ ಮನೆತನದ್ದೇ. ಪ್ರತಿ ಕಡತಕ್ಕೆ ಒಬ್ಬ ಒಡೆಯ, ಒಂದು ಗುಂಪು, ಮಿಕ್ಕವರೆಲ್ಲ ‘ಇತರರು’. ಓದುವ ಅಪ್ಪಣೆಗೆ 4, ಬರೆಯುವುದಕ್ಕೆ 2, ಕಾರ್ಯಕ್ರಮವಾಗಿ ಓಡಿಸುವುದಕ್ಕೆ 1. ಕೂಡಿಸಿದರೆ ಮುಗಿಯಿತು. 640 ಎಂದರೆ ಒಡೆಯನಿಗೆ ಓದು-ಬರಹ ಎರಡೂ, ಗುಂಪಿಗೆ ಓದು ಮಾತ್ರ, ಇತರರಿಗೆ ಏನೂ ಇಲ್ಲ. ಇಷ್ಟು ಚಿಕ್ಕ ಲೆಕ್ಕದ ಮೇಲೆ ಎಷ್ಟು ದೊಡ್ಡ ಕಚೇರಿಗಳು ನಿಂತಿವೆ ಎಂದು ನೆನೆದರೆ ನನಗೆ ಈಗಲೂ ಸೋಜಿಗ.

ಒಂದು ಕಲ್ಪಿತ ಸಂಗತಿ ಹೇಳುತ್ತೇನೆ. ಕಲಬುರಗಿ ನಗರದಲ್ಲಿ ಬಾಳೆ ಬೆಳೆಗಾರರ ಒಂದು ಸಹಕಾರ ಸಂಘವಿದೆ ಎಂದುಕೊಳ್ಳಿ. ಕಮಲಾಪುರದಲ್ಲಿ ಹೊಸ ಶಾಖೆ ತೆರೆದು, ಅಲ್ಲಿಗೊಂದು ಸರ್ವರ್ ತಂದಿಟ್ಟರು. ಕಳುಹಿಸಬೇಕಾದವು ಎರಡು ಕಡತ. ಒಂದು ದರಪಟ್ಟಿ, ಅದನ್ನು ಯಾರಾದರೂ ಓದಲಿ. ಇನ್ನೊಂದು ಸದಸ್ಯರ ಸಾಲದ ಲೆಕ್ಕ. ಬರೆಯುವವರು ಕಾರ್ಯದರ್ಶಿ, ಓದುವವರು ಗುಮಾಸ್ತರು, ಹೊರಗಿನವರ ಕಣ್ಣಿಗೆ ಬೀಳಕೂಡದು.

ಇಲ್ಲೊಂದು ಗುಟ್ಟಿದೆ. ಯಂತ್ರ ತನ್ನ ವಹಿಯಲ್ಲಿ ಒಡೆಯನ ಹೆಸರು ಬರೆಯುವುದಿಲ್ಲ, ಅವನ ನಂಬರು ಬರೆಯುತ್ತದೆ. ನಗರದ ಯಂತ್ರದಲ್ಲಿ 1003 ಎಂದರೆ ಕಾರ್ಯದರ್ಶಿ. ಕಮಲಾಪುರದ ಯಂತ್ರದಲ್ಲಿ ಮೊದಲು ಬಂದವರಿಗೆ ಮೊದಲ ನಂಬರು ಎಂದು ಹಂಚಿದಾಗ 1003 ಬಿದ್ದದ್ದು ಚೀಟಿ ಅಂಟಿಸಲು ನಾಲ್ಕು ತಿಂಗಳ ಮಟ್ಟಿಗೆ ಸೇರಿದ ಹುಡುಗನಿಗೆ. ಕಡತವನ್ನು ನಂಬರಿನೊಡನೆ ಹಾಗೆಯೇ ಇಳಿಸಿದರೆ ಏನಾಗುತ್ತದೆ? ಸಾಲದ ಲೆಕ್ಕಕ್ಕೆ ಆ ಹುಡುಗನೇ ಒಡೆಯ. ಕಾರ್ಯದರ್ಶಿಗಳು ‘ಇತರರು’, ತಮ್ಮ ಕೈಯ ಲೆಕ್ಕ ತಮಗೇ ತೆರೆಯದು. ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಇದು ಗೊತ್ತೂ ಆಗದಿರಬಹುದು, ಆದರೆ ಬಾಗಿಲು ತೆರೆದೇ ಇದೆ.

ಕಳುಹಿಸುವ ಉಪಕರಣಗಳಲ್ಲಿ ಒಂದೊಂದರ ನಡತೆ ಒಂದೊಂದು. ಆರ್‌ಸಿಂಕ್ ಎಂಬುದಕ್ಕೆ ಅಪ್ಪಣೆಗಳನ್ನೂ ಒಡೆತನವನ್ನೂ ಉಳಿಸು ಎಂದು ಹೇಳಿದರೆ ಅದು ಮೊದಲು ಹೆಸರನ್ನು ನೋಡುತ್ತದೆ. ಆಚೆಯ ಯಂತ್ರದಲ್ಲಿ ಅದೇ ಹೆಸರು ಸಿಕ್ಕರೆ ಕಡತವನ್ನು ಅವರಿಗೆ ಒಪ್ಪಿಸುತ್ತದೆ, ಸಿಗದಿದ್ದರೆ ನಂಬರನ್ನೇ ಹಿಡಿಯುತ್ತದೆ. ಆದರೆ ಇನ್ನೊಬ್ಬರ ಹೆಸರಿಗೆ ಒಡೆತನ ಬರೆಯುವ ಅಧಿಕಾರ ಸರ್ವರಿನ ಮೇಲಧಿಕಾರಿಗೆ ಮಾತ್ರ. ಸಾಮಾನ್ಯ ಗುಮಾಸ್ತ ಇಳಿಸಿಕೊಂಡ ಕಡತಕ್ಕೆ ಅವನೇ ಒಡೆಯನಾಗುತ್ತಾನೆ. ಎಸ್‌ಸಿಪಿ ಎಂಬ ಇನ್ನೊಂದು ಉಪಕರಣವಂತೂ ಒಡೆತನದ ಗೋಜಿಗೇ ಹೋಗುವುದಿಲ್ಲ. ಇನ್ನು ಅಂಗಡಿಯಲ್ಲಿ ಕೊಳ್ಳುವ ಪೆನ್ ಡ್ರೈವ್: ಅದರಲ್ಲಿ ಸಾಮಾನ್ಯವಾಗಿರುವ ಹಳೆಯ ಬಗೆಯ ಜೋಡಣೆಯಲ್ಲಿ ಈ ಒಡೆಯ, ಗುಂಪು, ಇತರರು ಎಂಬ ಭೇದವನ್ನು ಬರೆದಿಡಲು ಜಾಗವೇ ಇಲ್ಲ. ಜೇಬಿನಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದಿರೋ, ಅಪ್ಪಣೆಗಳು ಕಲಬುರಗಿಯ ಬಸ್ ನಿಲ್ದಾಣದಲ್ಲೇ ಉಳಿದವು.

ಹಾಗೆ ಅಪ್ಪಣೆಯಿಲ್ಲದೆ ಬಂದ ಕಡತಕ್ಕೆ ಆಚೆಯ ಯಂತ್ರ ತಾನೇ ಒಂದು ಅಪ್ಪಣೆ ಕೊಡುತ್ತದೆ. ಅದಕ್ಕೊಂದು ಕತ್ತರಿಯುಂಟು, ಯುಮಾಸ್ಕ್ ಎಂದು ಹೆಸರು. ಹೊಸ ಕಡತಕ್ಕೆ ಎಲ್ಲರಿಗೂ ಓದು-ಬರಹ ಎಂದು ಹಿಡಿದು, ಅದರಲ್ಲಿ ಇಂತಿಷ್ಟನ್ನು ಕತ್ತರಿಸು ಎಂಬ ನಿಯಮ ಅದು. ಕತ್ತರಿ 022 ಆಗಿದ್ದರೆ ಉಳಿಯುವುದು 644, ಇತರರೂ ಓದಬಹುದು. 027 ಆಗಿದ್ದರೆ 640. ಅನೇಕ ಯಂತ್ರಗಳಲ್ಲಿ ಮೊದಲಿಂದ ಇಟ್ಟಿರುವುದು 022. ದರಪಟ್ಟಿಗೆ ಅದು ಸರಿ. ಸಾಲದ ಲೆಕ್ಕಕ್ಕೆ? ಯಾವ ರೈತನ ಮೇಲೆ ಎಷ್ಟು ಸಾಲ ಎಂಬುದನ್ನು ಆ ಸರ್ವರಿಗೆ ಬರುವವರೆಲ್ಲ ಓದಿ ಹೋಗಬಹುದು.

ಶ್ರೋತೃಗಳೇ, ಅಪ್ಪಣೆ ಬಿಗಿಯಾಗಿಬಿಟ್ಟರೆ ಅದೇ ದಿನ ಗಲಾಟೆಯಾಗುತ್ತದೆ. ಗುಮಾಸ್ತ ಕೂಗುತ್ತಾನೆ, ಕಾರ್ಯದರ್ಶಿ ಫೋನು ಮಾಡುತ್ತಾರೆ. ಅಪ್ಪಣೆ ಸಡಿಲವಾದರೆ ಯಾರೂ ಕೂಗುವುದಿಲ್ಲ, ಕೆಲಸವೆಲ್ಲ ಸುಗಮ. ಆದ್ದರಿಂದಲೇ ಗಲಾಟೆ ಅಡಗಿಸಲು ಕೆಲವರು 777 ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ: ಓದು, ಬರಹ, ಓಟ, ಸರ್ವರಿಗೂ ಸರ್ವವೂ. ಬೀಗ ಗಟ್ಟಿಯಾಯಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ಇದನ್ನು ಚಿಕಿತ್ಸೆಯೆಂದು ಕರೆಯಲು ನನ್ನ ನಾಲಿಗೆ ಏಳದು.

ಕಡತಗಳನ್ನಿಡುವ ಕೋಶದ ಮಾತೂ ಇದೆ. ಕೋಶಕ್ಕೆ ‘ಬರೆಯುವ’ ಅಪ್ಪಣೆ ಎಂದರೆ ಅದರೊಳಗೆ ಹೊಸ ಕಡತ ಸೇರಿಸುವ, ಇದ್ದದ್ದನ್ನು ಅಳಿಸುವ ಅಧಿಕಾರ. ಇದಕ್ಕೆ ಒಳಹೋಗುವ ಅಪ್ಪಣೆಯೂ ಜೊತೆಗಿರಬೇಕು. ಆದುದರಿಂದ ಸಾಲದ ಲೆಕ್ಕವನ್ನು ಓದಲೂ ಆಗದವನು, ಕೋಶ ಸಡಿಲವಾಗಿದ್ದರೆ, ಅದನ್ನು ಪೂರ್ತಿ ಅಳಿಸಿಹಾಕಬಲ್ಲ. ಕಡತಕ್ಕೆ ಭದ್ರ ಮಾಡಿ ಕೋಶವನ್ನು ಮರೆಯುವವರು ಬಹಳ.

ಹಾಗಾದರೆ ಸಂಘದವರು ಏನು ಮಾಡಬೇಕು? ಕಡತ ಹೊರಡುವ ಮೊದಲೇ ಕಮಲಾಪುರದ ಯಂತ್ರದಲ್ಲಿ ಕಾರ್ಯದರ್ಶಿ, ಗುಮಾಸ್ತರ ಹೆಸರುಗಳನ್ನೂ ಅವರ ಗುಂಪನ್ನೂ ಮಾಡಿಡಬೇಕು. ಯಾವ ಕಡತಕ್ಕೆ ಯಾವ ಅಂಕಿ ಎಂದು ಒಂದು ಹಾಳೆಯಲ್ಲಿ ಬರೆದು, ಯಂತ್ರದವರಲ್ಲದೆ ಸಂಘದ ಹಿರಿಯರೂ ಅದನ್ನು ಓದಿ ಒಪ್ಪಬೇಕು. ಸಾಲದ ಲೆಕ್ಕವನ್ನು ಯಾರು ನೋಡಬೇಕೆಂದು ತೀರ್ಮಾನಿಸುವುದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ. ಕಡತ ಇಳಿದ ಮೇಲೆ ಸಿಎಚ್‌ಓನ್ ಎಂಬ ಆಜ್ಞೆಯಿಂದ ಒಡೆಯನನ್ನೂ ಗುಂಪನ್ನೂ, ಸಿಎಚ್‌ಮಾಡ್ ಎಂಬುದರಿಂದ ಅಂಕಿಯನ್ನೂ ಹೇಳಿ ಹಾಕಬೇಕು. ಬಳಿಕ ಪರೀಕ್ಷೆ. ಮೇಲಧಿಕಾರಿಯ ಹೆಸರಿನಲ್ಲಿ ಒಳಹೊಕ್ಕು ನೋಡಿದರೆ ಪ್ರಯೋಜನವಿಲ್ಲ, ಅವರಿಗೆ ಎಲ್ಲ ಬಾಗಿಲೂ ತೆರೆಯುತ್ತದೆ. ಆ ಚೀಟಿ ಅಂಟಿಸುವ ಹುಡುಗನನ್ನೇ ಕೂರಿಸಿ, ಸಾಲದ ಲೆಕ್ಕ ತೆಗೆಯಪ್ಪ ಎನ್ನಬೇಕು. ತೆರೆಯದಿದ್ದರೆ ಸರಿ.

ನಗರದ ಯಂತ್ರದಲ್ಲಿ ಉಳಿದ ಪ್ರತಿಯೊಂದು ಇದೆಯಲ್ಲ, ಅದನ್ನೂ ನೋಡಬೇಕು. ಕಳುಹಿಸಿದ್ದು ನಕಲು ಎಂದು ಮೊದಲೇ ಹೇಳಿದೆ. ಅಲ್ಲಿ ಕಾರ್ಯದರ್ಶಿ ಹಳೆಯ ಅಭ್ಯಾಸದಿಂದ ಮರುದಿನ ಅದರಲ್ಲೇ ಒಂದು ಕಂತು ಜಮಾ ಬರೆದರೆ, ಒಬ್ಬನೇ ರೈತನಿಗೆ ಎರಡು ಊರಿನಲ್ಲಿ ಎರಡು ಬಾಕಿ. ಕಮಲಾಪುರದಲ್ಲಿ ಪರೀಕ್ಷೆ ಮುಗಿದ ಸಂಜೆಯೇ ಕಲಬುರಗಿಯ ಪ್ರತಿಗೆ 440 ಎಂದು ಹಾಕಿಬಿಡುವುದು ಮೇಲು: ಒಡೆಯನೂ ಗುಂಪೂ ಓದಲಿ, ಬರೆಯುವುದಕ್ಕೆ ಕಮಲಾಪುರದ ವಹಿ ಇದೆ.