ಯಾವ ದಶಕ ಚೆನ್ನಾಗಿತ್ತು? ಯಾರಿಗೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ, ಹಳೆ ವಿದ್ಯಾರ್ಥಿಗಳು ಒಟ್ಟು ಸೇರಿದಾಗ, ಹೋಟೆಲಿನಲ್ಲಿ ಚಹಾ ಕುಡಿಯುವಾಗ ಒಂದು ಚರ್ಚೆ ತಪ್ಪದೆ ಎದ್ದು ಬರುತ್ತದೆ: ಯಾವ ಕಾಲ ಚೆನ್ನಾಗಿತ್ತು? ಒಬ್ಬರು ಎಪ್ಪತ್ತರ ದಶಕ ಎನ್ನುತ್ತಾರೆ, ಮತ್ತೊಬ್ಬರು ಎಂಬತ್ತರ ದಶಕದ ಮುಂದೆ ಯಾವುದೂ ಇಲ್ಲ ಎನ್ನುತ್ತಾರೆ, ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರು ತಮ್ಮದೇ ಕೊನೆಯ ಒಳ್ಳೆಯ ಬಾಲ್ಯ ಎಂದು ಸಾಧಿಸುತ್ತಾರೆ. ಚರ್ಚೆ ತೀರ್ಮಾನವಾಗದೆ ಮುಗಿಯುತ್ತದೆ. ಆದರೆ ಎಲ್ಲರೂ ಒಪ್ಪುವ ಒಂದು ಮಾತು ಕೊನೆಗೆ ಉಳಿಯುತ್ತದೆ: "ಈಗಿನ ಕಾಲ ಮಾತ್ರ ಕೆಟ್ಟುಹೋಗಿದೆ." ಆ ಮಾತು ಬಂದು ಬೀಳುವುದು ವಿದ್ಯಾರ್ಥಿಗಳಾದ ನಿಮ್ಮ ತಲೆಯ ಮೇಲೆ. ಆದ್ದರಿಂದ ಈ ವಿಷಯವನ್ನು ನಿಮ್ಮ ಮುಂದಿಡುವುದು ಸೂಕ್ತವೆಂದು ನನಗೆ ತೋರಿತು.

ಹಳೆಯ ದಿನಗಳಿಗಾಗಿ ಹಂಬಲಿಸುವುದನ್ನು ನಾವು ಹಳಹಳಿಕೆ ಎನ್ನುತ್ತೇವೆ. ಇಂಗ್ಲಿಷಿನವರು ಅದನ್ನು ನಾಸ್ಟಾಲ್ಜಿಯಾ ಎನ್ನುತ್ತಾರೆ. ಆ ಶಬ್ದ ಹುಟ್ಟಿದ್ದು ವೈದ್ಯಶಾಸ್ತ್ರದಲ್ಲಿ ಎಂಬುದು ನಿಮಗೆ ಆಶ್ಚರ್ಯವಾಗಬಹುದು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಈ ಪದವನ್ನು ಕಟ್ಟಿದ. ಮನೆಗೆ ಮರಳುವುದು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿದ. ಊರು ಬಿಟ್ಟು ದೂರ ಹೋದವರು ಮನೆಯ ನೆನಪಿನಲ್ಲಿ ಕೊರಗಿ ಕಾಯಿಲೆ ಬೀಳುವುದಕ್ಕೆ ಅವನು ಇಟ್ಟ ಹೆಸರು ಅದು. ಮುಂದೆ 1843ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದ ಮಿಶನ್ನಿನವರೂ ಅದೇ ಬಾಸೆಲ್‌ನಿಂದ ಬಂದವರು.

ಹೋಫರ್ ಹೇಳಿದ ಕಾಯಿಲೆಗೆ ಔಷಧಿ ಇತ್ತು, ಊರಿಗೆ ಮರಳಿದರೆ ಸಾಕು. ಆದರೆ ಕಳೆದ ದಶಕಕ್ಕೆ ಬಸ್ಸೂ ಇಲ್ಲ, ರೈಲೂ ಇಲ್ಲ. ಮರಳಿ ಹೋಗಲಾಗದ ಊರು ದಿನದಿಂದ ದಿನಕ್ಕೆ ಇನ್ನಷ್ಟು ಸುಂದರವಾಗಿ ಕಾಣುತ್ತದೆ.

ಹೀಗೇಕೆ ಆಗುತ್ತದೆ? ಮನಃಶಾಸ್ತ್ರಜ್ಞರು ಇದನ್ನು ಅಭ್ಯಾಸ ಮಾಡಿದ್ದಾರೆ. ವಯಸ್ಸಾದವರಿಗೆ ತಮ್ಮ ಬದುಕಿನ ಘಟನೆಗಳನ್ನು ನೆನಪಿಸಿಕೊಳ್ಳಲು ಹೇಳಿದರೆ, ಸುಮಾರು ಹತ್ತರಿಂದ ಮೂವತ್ತು ವರ್ಷ ವಯಸ್ಸಿನ ನಡುವಿನ ನೆನಪುಗಳೇ ಹೆಚ್ಚಾಗಿ ಬರುತ್ತವೆ. ಮೊದಲ ಕಾಲೇಜು, ಮೊದಲ ಸಂಬಳ, ಮೊದಲ ಗೆಳೆತನ ಎಲ್ಲವೂ ಆ ವಯಸ್ಸಿನಲ್ಲೇ ಅಲ್ಲವೇ? 1989ರಲ್ಲಿ ಅಮೆರಿಕದ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಸಂಶೋಧಕರು, ಜನರು ತಮ್ಮ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಕೇಳಿದ ಹಾಡುಗಳನ್ನೇ ಹೆಚ್ಚು ಮೆಚ್ಚುತ್ತಾರೆ ಎಂದು ತೋರಿಸಿದರು. 2024ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಎರಡು ಸಾವಿರ ಅಮೆರಿಕನ್ನರ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಯಾವ ದಶಕದಲ್ಲಿ ಸಂಗೀತ ಚೆನ್ನಾಗಿತ್ತು, ಯಾವ ದಶಕದಲ್ಲಿ ಕುಟುಂಬಗಳು ಸುಖವಾಗಿದ್ದವು ಎಂದು ಕೇಳಿದಾಗ, ಹೆಚ್ಚಿನವರ ಉತ್ತರ ತಾವು ಚಿಕ್ಕವರಾಗಿದ್ದ ಕಾಲದ ಕಡೆಗೇ ವಾಲಿತ್ತು. ಅಂದರೆ "ಯಾವ ದಶಕ ಶ್ರೇಷ್ಠ?" ಎಂದು ಕೇಳಿದರೆ ಬಹಳಷ್ಟು ಸಲ ನಮಗೆ ದೊರೆಯುವುದು ಉತ್ತರ ಹೇಳುವವರ ವಯಸ್ಸು.

ಹಾಗಾದರೆ ನೆನಪುಗಳನ್ನು ಬದಿಗಿಟ್ಟು ದಶಕಗಳನ್ನೇ ನೋಡೋಣ. ಲೆಕ್ಕದ ಪುಸ್ತಕದಲ್ಲಿ ಇರುವಂತೆ ಎರಡು ಕಡೆ ಬರೆಯೋಣ, ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು.

ಎಪ್ಪತ್ತರ ದಶಕ. 1972ರಲ್ಲಿ 'ಬಂಗಾರದ ಮನುಷ್ಯ' ಬಂತು, ಅದೇ ವರ್ಷ 'ನಾಗರಹಾವು' ಬಂತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಆಗಿ ಹೊರಬಂದು ಮನೆಮನೆಯನ್ನು ತಲುಪಿತು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ಗೇಣಿಗೆ ದುಡಿಯುತ್ತಿದ್ದ ಅನೇಕ ಕುಟುಂಬಗಳು ತಾವು ಉಳುವ ನೆಲಕ್ಕೆ ಒಡೆಯರಾದವು. ಇದೆಲ್ಲ ಜಮಾ. ಖರ್ಚಿನ ಕಡೆ ಏನಿದೆ? ಅದೇ 1974ರಲ್ಲಿ ಸಿಡುಬು ನಮ್ಮ ದೇಶದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ತುರ್ತು ಪರಿಸ್ಥಿತಿ ಇತ್ತು, ಪತ್ರಿಕೆಗಳ ಬಾಯಿ ಕಟ್ಟಲಾಗಿತ್ತು.

ಎಂಬತ್ತರ ದಶಕ. 1983ರ ವಿಶ್ವಕಪ್, ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್', ಬೀದಿಯಲ್ಲಿದ್ದ ಒಂದೇ ಟಿ.ವಿ.ಯ ಮುಂದೆ ಕೂತ ಇಡೀ ಬೀದಿ. ಖರ್ಚಿನ ಕಡೆ, 1984ರಲ್ಲಿ ದೆಹಲಿಯ ಸಿಖ್ಖರ ಹತ್ಯೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ. ಮನೆಗೊಂದು ಫೋನ್ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು.

ತೊಂಬತ್ತರ ದಶಕ. ಊರೂರಿಗೆ ಎಸ್.ಟಿ.ಡಿ. ಬೂತ್ ಬಂತು, 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆಯಿತು, ಅದೇ ವರ್ಷ ಪಲ್ಸ್ ಪೋಲಿಯೊ ಆರಂಭವಾಯಿತು. ಖರ್ಚಿನ ಕಡೆ, 1991ರಲ್ಲಿ ದೇಶದ ಚಿನ್ನವನ್ನೇ ಅಡವಿಡಬೇಕಾದ ಸ್ಥಿತಿ. 1992ರ ಡಿಸೆಂಬರ್ ಮತ್ತು ಅದರ ನಂತರದ ಮುಂಬಯಿಯ ಗಲಭೆಗಳಲ್ಲಿ ತಮ್ಮವರನ್ನು ಕಳೆದುಕೊಂಡವರ ಮುಂದೆ ತೊಂಬತ್ತರ ದಶಕವೇ ಚಂದ ಎಂದು ನಾವು ಹೇಳಲಾದೀತೇ?

ಮಿತ್ರರೇ, ಪೂರ್ತಿ ಜಮಾ ಇರುವ ದಶಕವೂ ಇಲ್ಲ, ಪೂರ್ತಿ ಖರ್ಚು ಇರುವ ದಶಕವೂ ಇಲ್ಲ. ಆದ್ದರಿಂದ "ಯಾವ ದಶಕ ಚೆನ್ನಾಗಿತ್ತು?" ಎಂಬ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯನ್ನು ಸೇರಿಸಬೇಕು: "ಯಾರಿಗೆ?"

ನಮ್ಮ ಕರಾವಳಿಯ ಉದಾಹರಣೆಯನ್ನೇ ನೋಡಿ. 1973ರಲ್ಲಿ ತೈಲದ ಬೆಲೆ ಏರಿದ ನಂತರ ಕೊಲ್ಲಿ ದೇಶಗಳಲ್ಲಿ ಕೆಲಸದ ಬಾಗಿಲು ತೆರೆಯಿತು. ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡು ಕಡೆಯ ಎಷ್ಟೋ ಮನೆಗಳ ಗಂಡಸರು ಅಲ್ಲಿಗೆ ಹೋದರು. ಆ ಮನೆಗಳಲ್ಲಿ ಬೆಳೆದ ಮಕ್ಕಳನ್ನು ಕೇಳಿದರೆ ಎಂಬತ್ತರ ದಶಕದಷ್ಟು ಸೊಗಸಾದ ಕಾಲ ಬೇರೆ ಇಲ್ಲ. ಅಪ್ಪ ತಂದ ಟೇಪ್ ರೆಕಾರ್ಡರ್, ಪೆಟ್ಟಿಗೆ ತೆರೆದಾಗ ಬರುತ್ತಿದ್ದ ಸಾಬೂನಿನ ಪರಿಮಳ, ಮಿಠಾಯಿ ಡಬ್ಬಿ ಎಲ್ಲವೂ ಅವರ ನೆನಪಿನಲ್ಲಿವೆ. ಅದೇ ಮನೆಯ ತಾಯಿಯನ್ನು ಕೇಳಿ. ಎರಡು ವರ್ಷಕ್ಕೊಮ್ಮೆ ಬರುವ ಗಂಡ, ವಾರಗಟ್ಟಲೆ ತಡವಾಗುವ ಕಾಗದ, ಕ್ಯಾಸೆಟ್ಟಿನಲ್ಲಿ ತುಂಬಿ ಕಳುಹಿಸಿದ ಧ್ವನಿ, ಮಗುವಿಗೆ ಜ್ವರ ಬಂದರೆ ಒಬ್ಬಳೇ ಆಸ್ಪತ್ರೆಗೆ ಓಡುವುದು. ಮಗ ಹೇಳಿದ್ದೂ ಸುಳ್ಳಲ್ಲ, ತಾಯಿ ಹೇಳಿದ್ದೂ ಸುಳ್ಳಲ್ಲ. ಒಂದೇ ಮನೆ, ಒಂದೇ ದಶಕ. ಆದರೆ ಚಹಾ ಅಂಗಡಿಯ ಚರ್ಚೆಯಲ್ಲಿ ನಮಗೆ ಕೇಳಿಸುವುದು ಮಗನ ಮಾತು ಮಾತ್ರ. ತಾಯಿ ಆ ಚರ್ಚೆಗೆ ಬಂದವಳೇ ಅಲ್ಲ.

ಇನ್ನೊಂದು ಉದಾಹರಣೆ. ಕನ್ನಡ ಸಾಹಿತ್ಯದ ದೃಷ್ಟಿಯಿಂದ ಐವತ್ತರ ದಶಕವನ್ನು ಹಿರಿಯರು ತುಂಬ ಗೌರವದಿಂದ ನೆನೆಯುತ್ತಾರೆ. ಕುವೆಂಪು, ಬೇಂದ್ರೆ, ಕಾರಂತರು ಬರೆಯುತ್ತಿದ್ದ ಕಾಲ ಅದು. ಅದೇ ಕಾಲದಲ್ಲಿ ಕಾಸರಗೋಡಿನಲ್ಲಿ ಶಾಲೆ ಮುಗಿಸಿದ್ದ ಸಾರಾ ಅಬೂಬಕ್ಕರ್ ಅವರಿಗೆ ಮುಂದೆ ಓದುವ ಆಸೆಯಿದ್ದರೂ ಅವಕಾಶವಿರಲಿಲ್ಲ. ಗ್ರಂಥಾಲಯದ ಸದಸ್ಯತ್ವ ಅವರ ಕೈಗೆ ಸಿಕ್ಕಿದ್ದು 1963ರಲ್ಲಿ. ಎಂಬತ್ತರ ದಶಕದಲ್ಲಿ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದು ಹೆಸರಾದರು, 2023ರಲ್ಲಿ ತೀರಿಕೊಂಡರು. ಶಿವಮೊಗ್ಗದಲ್ಲಿ ಎಂಟು ವರ್ಷದ ಬಾನು ಮುಷ್ತಾಕ್ ಅವರನ್ನು ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಇತ್ತು. ಅವರು ಕೆಲವೇ ದಿನಗಳಲ್ಲಿ ಕಲಿತರು. 2025ರಲ್ಲಿ, ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಈ ಇಬ್ಬರೂ ಕಳೆದ ಕಾಲದಿಂದ ಬೇಕಾದ್ದನ್ನು ಪಡೆದರು, ಬೇಡವಾದ್ದನ್ನು ಪ್ರಶ್ನಿಸಿದರು.

ಇದರಲ್ಲಿ ನಮಗೇನು ಎಂದು ನೀವು ಕೇಳಬಹುದು. ಹಳಹಳಿಕೆ ಬರೀ ಮಾತಿನಲ್ಲಿ ನಿಲ್ಲುವುದಿಲ್ಲ, ಮನೆಯಲ್ಲಿ ಅದು ತೀರ್ಮಾನವಾಗುತ್ತದೆ. "ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಇಷ್ಟೆಲ್ಲ ಓದುತ್ತಿರಲಿಲ್ಲ, ಸಂಸಾರಗಳು ಚೆನ್ನಾಗಿಯೇ ಇದ್ದವು" ಎಂಬ ಮಾತು ಬಂದಾಗ ಪಿ.ಯು.ಸಿ. ಮುಗಿಸಿದ ಹುಡುಗಿಯೊಬ್ಬಳ ಪದವಿಯ ಅರ್ಜಿ ಕಪಾಟಿನಲ್ಲೇ ಉಳಿಯುತ್ತದೆ. ಆ ಕಾಲ ಹೇಗಿತ್ತೆಂದು ಜನಗಣತಿಯನ್ನು ಕೇಳಿ. 1951ರಲ್ಲಿ ನಮ್ಮ ದೇಶದ ನೂರು ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಒಂಬತ್ತು ಜನರೂ ಇರಲಿಲ್ಲ. ಕರ್ನಾಟಕದಲ್ಲಿ ಮಹಿಳೆಯರ ಸಾಕ್ಷರತೆ 1991ರಲ್ಲಿ ಶೇಕಡಾ 44.34, 2001ರಲ್ಲಿ 56.87, 2011ರಲ್ಲಿ 68.08. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ, ಇಂದು ಅದು ಸುಮಾರು 70. ಸಂಸಾರಗಳು ಚೆನ್ನಾಗಿದ್ದವು ಎಂದು ಹೇಳುವಾಗ, ಹೆರಿಗೆಯಲ್ಲಿ ತೀರಿಕೊಂಡವರು, ಸಿಡುಬಿನಲ್ಲಿ ಹೋದ ಮಕ್ಕಳು ಆ ಮಾತನ್ನು ಒಪ್ಪಲೂ ಅಲ್ಲಗಳೆಯಲೂ ನಮ್ಮ ನಡುವೆ ಇಲ್ಲ. ಉಳಿದವರು ಹೇಳಿದ ಕತೆಯೇ ಆ ಕಾಲದ ಕತೆಯಾಗಿಬಿಟ್ಟಿದೆ.

ಆದರೆ ವಿದ್ಯಾರ್ಥಿಗಳೇ, ಅಂಕಿ ಅಂಶ ಕೈಯಲ್ಲಿ ಹಿಡಿದು ಹಿರಿಯರನ್ನು ನಗಾಡಲು ಹೊರಡಬೇಡಿ. ಅವರು ಕಳೆದುಕೊಂಡದ್ದು ಕೆಲವು ನಿಜವಾಗಿಯೂ ಅಮೂಲ್ಯವಾದವು. ಸಂಜೆ ಜಗಲಿಯಲ್ಲಿ ಕೂತು ಮಾತನಾಡುವುದು, ಒಂದು ಮನೆಯಲ್ಲಿ ಮಾಡಿದ ತಿಂಡಿ ಪಕ್ಕದ ಮನೆಗೆ ಹೋಗುವುದು, ಒಂದು ಪುಸ್ತಕ ಹತ್ತು ಕೈ ದಾಟಿ ಮಾಸುವುದು, ಇವು ಅವರ ಕಲ್ಪನೆಯಲ್ಲ. "ಬಡತನವಿತ್ತು, ಆದರೆ ಪರಸ್ಪರ ವಿಶ್ವಾಸವಿತ್ತು" ಎಂದು ಅವರು ಹೇಳುವಾಗ ಬಡತನವನ್ನು ಹೊಗಳುತ್ತಿಲ್ಲ, ವಿಶ್ವಾಸವನ್ನು ನೆನೆಯುತ್ತಿದ್ದಾರೆ. ಬಡತನವನ್ನು ಮರಳಿ ತರದೆ ಆ ವಿಶ್ವಾಸವನ್ನು ಮಾತ್ರ ಮರಳಿ ತರಲು ಸಾಧ್ಯವೇ? ಹಳಹಳಿಕೆ ನಮಗೆ ಒಪ್ಪಿಸುವ ಕೆಲಸ ಇದು.

ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಸ್ವೆತ್ಲಾನಾ ಬಾಯ್ಮ್ ಎಂಬ ವಿದುಷಿ 2001ರ ತಮ್ಮ ಗ್ರಂಥದಲ್ಲಿ ಹಳಹಳಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಒಂದು, ಕಳೆದುಹೋದ ಮನೆಯನ್ನು ಹಾಗೆಯೇ ಮತ್ತೆ ಕಟ್ಟಹೊರಡುವುದು. ಇನ್ನೊಂದು, ಆ ನೆನಪಿನ ಜೊತೆ ಕೂತು ಯೋಚಿಸುವುದು. ಮೊದಲನೆಯದು ಜಗಳಕ್ಕೆ ದಾರಿ. ಹಳೆಯ ಮನೆಯಲ್ಲಿ ಯಾರು ಇರಬೇಕು, ಯಾರು ಹೊರಗೆ ಎಂಬ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಎರಡನೆಯದು ತಿಳಿವಳಿಕೆಗೆ ದಾರಿ.

ಈ ರಜೆಯಲ್ಲಿ ನಿಮಗೆ ಒಂದು ಕೆಲಸ ಹೇಳುತ್ತೇನೆ. ನೋಟ್ ಪುಸ್ತಕ ಹಿಡಿದು ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರ ಬಳಿ ಕುಳಿತುಕೊಳ್ಳಿ. ಅಜ್ಜನ ಬಳಿ ಕೂತರೆ ಅಜ್ಜಿಯ ಬಳಿಯೂ ಕೂರಿ. ಮೂರೇ ಪ್ರಶ್ನೆ ಕೇಳಿ. ನಿಮ್ಮ ಕಾಲದ ಯಾವುದನ್ನು ನಮಗೆ ಕೊಡಬಯಸುತ್ತೀರಿ? ಯಾವುದು ನಮ್ಮ ಕಾಲಕ್ಕೆ ಎಂದೂ ಬರಬಾರದು? ಆಗ ಓದಬೇಕೆಂದು, ಮಾಡಬೇಕೆಂದು ಆಸೆಯಿದ್ದೂ ಆಗದೆ ಹೋದದ್ದು ಏನು? ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ನಡುವೆ ವಾದ ಮಾಡಬೇಡಿ. ಮುಂದಿನ ವರ್ಷದ ಸಂಚಿಕೆಗೆ ಅವುಗಳಲ್ಲಿ ಆಯ್ದದ್ದನ್ನು ಕೊಡಿ ಎಂದು ಸಂಪಾದಕ ಮಂಡಳಿಯ ಪರವಾಗಿಯೂ ವಿನಂತಿಸುತ್ತೇನೆ.

ಹಿರಿಯರಲ್ಲಿಯೂ ಒಂದು ಮಾತು. ಮಕ್ಕಳಿಗೆ ನಿಮ್ಮ ಕಾಲದ ಕತೆ ಹೇಳಿ, ಧಾರಾಳವಾಗಿ ಹೇಳಿ. ಆದರೆ ಅವರ ಕಾಲ ಕೆಟ್ಟಿತೆಂದು ತೀರ್ಪು ಕೊಡಬೇಡಿ. ಅವರಿಗೆ ಇರುವುದು ಇದೊಂದೇ ಕಾಲ. ಇದರಲ್ಲೇ ಅವರು ಓದಬೇಕು, ದುಡಿಯಬೇಕು, ಬಾಳಬೇಕು. ಮೂವತ್ತು ವರ್ಷಗಳ ನಂತರ ಇದೇ ಸಭಾಂಗಣದಲ್ಲಿ ಕೂತು ಅವರು ಈ ದಶಕವನ್ನು ನೆನೆಯುತ್ತಾರೆ. ಆಗ ಅವರ ಪಕ್ಕದಲ್ಲಿ ಕೂತ ಅಕ್ಕತಂಗಿಯರೂ, ನೆರೆಮನೆಯವರೂ "ಹೌದು, ನಮಗೂ ಚೆನ್ನಾಗಿತ್ತು" ಎನ್ನುವಂತಾಗಬೇಕು.